ಏಪ್ರಿಲ್‌ನಲ್ಲೇ ಎತ್ತಿಟ್ಟ ದುಡ್ಡು: ನಮ್ಮ ಪುರಸಭೆಯ ಮೀಸಲು ನಿಧಿ ನಿಂತ ಬಗೆ

ನಮ್ಮದು ಮಧ್ಯ ಕರ್ನಾಟಕದ ಒಂದು ಪುರಸಭೆ. 23 ವಾರ್ಡು, ಒಂಬತ್ತು ಸಾವಿರದ ಆಸುಪಾಸು ಆಸ್ತಿ. 2024ರ ಬೇಸಿಗೆಯಲ್ಲಿ ಸುತ್ತಮುತ್ತಲಿನ ಊರುಗಳವರು ಟ್ಯಾಂಕರ್ ಬಿಲ್ ಹಿಡಿದು ಡಿಸಿ ಆಫೀಸಿಗೆ ಅಲೆಯುತ್ತಿದ್ದರು. ನಾವು ಸ್ವಂತ ದುಡ್ಡಿನಲ್ಲಿ ವಾರವಾರ ಬಿಲ್ ಪಾಸ್ ಮಾಡುತ್ತಿದ್ದೆವು. ಆಮೇಲೆ ಅಕ್ಕಪಕ್ಕದ ಅಕೌಂಟೆಂಟ್‌ಗಳೆಲ್ಲ ಫೋನ್ ಮಾಡಿ "ಎಲ್ಲಿಂದ ತಂದ್ರಿ ಸಾರ್?" ಎಂದು ಕೇಳಲು ಶುರು ಮಾಡಿದರು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ಬಜೆಟ್ ಫಾರಂ, ಡಿಸಿಬಿ (ಬೇಡಿಕೆ-ವಸೂಲಿ-ಬಾಕಿ ಪಟ್ಟಿ), ಜೋಡಿ ನಮೂದು ಲೆಕ್ಕ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಫೆಬ್ರವರಿ, ಮಾರ್ಚ್ ತಿಂಗಳ ಪೇಪರ್ ತೆಗೆದು ನೋಡಿ. ಯಾವ ಊರಾದರೂ ಸರಿ, "ಇಷ್ಟು ಲಕ್ಷದ ಉಳಿತಾಯ ಬಜೆಟ್" ಅಂತಲೇ ಸುದ್ದಿ. ಹಾಗಿದ್ದರೆ ಡಿಸೆಂಬರ್‌ಗೆ ಹೊರಗುತ್ತಿಗೆ ಡ್ರೈವರ್‌ಗಳ ಸಂಬಳಕ್ಕೆ ಯಾಕೆ ಪರದಾಟ? ಹಳೇ ಬಾಕಿ ಪೂರ್ತಿ ವಸೂಲಾಗುತ್ತದೆ ಎಂದು ಬರೆದು ಆದಾಯ ಉಬ್ಬಿಸುತ್ತೇವೆ. ಅದು ಒಂದು. ದೊಡ್ಡ ಕಾರಣ ಬೇರೆಯೇ ಇದೆ. ಬ್ಯಾಂಕಿನಲ್ಲಿ ಬಿದ್ದಿರುವ ಪರರ ದುಡ್ಡನ್ನೂ ನಮ್ಮದೇ ಅಂದುಕೊಳ್ಳುತ್ತೇವೆ.

100 ರೂಪಾಯಿ ಆಸ್ತಿ ತೆರಿಗೆಯ ಜೊತೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3, ನಗರ ಸಾರಿಗೆ ಕರ 2 ಬರುತ್ತದೆ. ಈ 26 ರೂಪಾಯಿಯಲ್ಲಿ ವಸೂಲಿ ಖರ್ಚು ಅಂತ ನಮಗೆ ಸಿಗುವುದು ಶೇ 10 ಮಾತ್ರ. ಗುತ್ತಿಗೆದಾರರು ಕಟ್ಟುವ ಠೇವಣಿಗಳಾದ ಇಎಂಡಿ, ಎಫ್‌ಎಸ್‌ಡಿ, ಮಳಿಗೆ ಠೇವಣಿ ಯಾವುದೂ ನಮ್ಮದಲ್ಲ. ಸ್ವಂತ ಆದಾಯದಲ್ಲೂ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೊದಲೇ ಬೇರೆ ಇಡಬೇಕು. 2018ರಲ್ಲಿ ಒಂದು ಭಾನುವಾರ ಆಫೀಸಿನಲ್ಲಿ ಕೂತು ಎಲ್ಲ ಕಳೆದೆ. ಪಾಸ್‌ಬುಕ್‌ಗಳಲ್ಲಿ ಒಟ್ಟು ಒಂದು ಕೋಟಿ ಹತ್ತು ಲಕ್ಷದಷ್ಟಿತ್ತು. ನಮ್ಮದು ಅಂತ ಉಳಿದದ್ದು ಏಳು ಲಕ್ಷ ಚಿಲ್ಲರೆ. ವರ್ಷದ ನಿಜವಾದ ಕೊರತೆ 35-40 ಲಕ್ಷ. ಗ್ರಂಥಾಲಯದ ದುಡ್ಡಿನಲ್ಲಿ ಡೀಸೆಲ್ ಹಾಕಿಸುತ್ತಿದ್ದೆವು ಅನ್ನಿ.

ಮೊದಲು ಕರಗಳಿಗೆ ಒಂದು, ಠೇವಣಿಗಳಿಗೆ ಒಂದು ಬೇರೆ ಖಾತೆ ತೆರೆದೆವು. ಅಷ್ಟು ಮಾಡಿದ್ದೇ ಊರೆಲ್ಲ "ಪುರಸಭೆ ದಿವಾಳಿ" ಅಂತ ಸುದ್ದಿ. ದುಡ್ಡು ಎಲ್ಲಿಗೂ ಹೋಗಿರಲಿಲ್ಲ, ಪಕ್ಕದ ಖಾತೆಯಲ್ಲಿತ್ತು ಅಷ್ಟೆ.

ಮೀಸಲು ನಿಧಿಗೆ ಮೊದಲ ಪ್ರಯತ್ನ ಮಾರ್ಚ್ ಕೊನೆಗೆ ಉಳಿದದ್ದನ್ನು ಎಫ್‌ಡಿ ಮಾಡುವುದು. ಮಾರ್ಚ್‌ನಲ್ಲಿ ಉಳಿಯುವುದೇನು ಮಣ್ಣು? ಗುತ್ತಿಗೆದಾರರು ಫೈಲ್ ಹಿಡಿದು ವರಾಂಡದಲ್ಲೇ ಕೂತಿರುತ್ತಾರೆ. 31ರ ರಾತ್ರಿ ಅರವತ್ತು ಸಾವಿರ ಉಳಿಯಿತು. ಎರಡನೇ ಪ್ರಯತ್ನ 2019ರದ್ದು, ತಿಂಗಳಿಗೆ ಒಂದು ಲಕ್ಷ ಎತ್ತಿಡುವುದು. ನಾಲ್ಕೈದು ತಿಂಗಳು ನಡೆಯಿತು. ಪಂಪ್‌ಹೌಸ್ ಮೋಟಾರ್ ಸುಟ್ಟಿತು, ಅದಕ್ಕೆ ತೆಗೆದರು, ಸರಿ. ಆಮೇಲೆ ಗಣೇಶ ವಿಸರ್ಜನೆಯ ಲೈಟಿಂಗ್‌ಗೆ ತೆಗೆದರು. ಕೊನೆಗೆ ಸಭಾಂಗಣದ ಕುರ್ಚಿಗೆ. ಯಾವುದಕ್ಕೆ ತೆಗೆಯಬಹುದು, ಯಾವುದಕ್ಕೆ ಕೂಡದು ಎಂದು ಎಲ್ಲೂ ಬರೆದಿರಲಿಲ್ಲ. ಕೇಳುವವರಿಗೆ ಇಲ್ಲ ಅನ್ನುವುದು ಹೇಗೆ?

ಗಿಟ್ಟಿದ್ದು ಮೂರನೆಯದು, 2021ರಲ್ಲಿ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ, ಮೇ-ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ ದಂಡವೂ ಇಲ್ಲ, ಜುಲೈನಿಂದ ತಿಂಗಳಿಗೆ ಶೇ 2 ದಂಡ. ಹಾಗಾಗಿ ನಮ್ಮಲ್ಲಿ ತೆರಿಗೆಯ ಅರ್ಧಕ್ಕಿಂತ ಜಾಸ್ತಿ ಮೊದಲ ಮೂರು ತಿಂಗಳಲ್ಲೇ ಬಂದು ಬೀಳುತ್ತದೆ. ಆಗ ಯಾರಿಗೂ ಹಸಿವಿರುವುದಿಲ್ಲ. ಹೊಸ ಟೆಂಡರ್ ಆಗಿರುವುದಿಲ್ಲ, ಬಿಲ್‌ಗಳೂ ಬಂದಿರುವುದಿಲ್ಲ. ಬೇರೆ ಇಡಬೇಕಾದದ್ದನ್ನೆಲ್ಲ ಇಟ್ಟ ಮೇಲೆ ಆ ಮೂರು ತಿಂಗಳಲ್ಲಿ ಉಳಿದದ್ದರ ಐದಕ್ಕೆ ಒಂದು ಪಾಲು ನೇರ ಮೀಸಲಿಗೆ. ಇದರ ಜೊತೆ ಒಂದೇ ಸಲ ಬರುವ ಆದಾಯ ಪೂರ್ತಿ ಮೀಸಲಿಗೆ: ಗುಜರಿ ಹರಾಜು, ಹಳೇ ಟ್ರ್ಯಾಕ್ಟರ್ ಮಾರಿದ್ದು, ಲೇಔಟ್‌ಗಳ ಅಭಿವೃದ್ಧಿ ಶುಲ್ಕದಲ್ಲಿ ನಮಗೆ ಬರುವ ಭಾಗ.

ಸಾಮಾನ್ಯ ಸಭೆಯಲ್ಲಿ ಗಲಾಟೆಯೇ ಆಯಿತು. "ನನ್ ವಾರ್ಡಿಗೆ ಚರಂಡಿ ಇಲ್ಲ, ನೀವು ಬ್ಯಾಂಕಲ್ಲಿ ಬಡ್ಡಿ ಎಣಿಸ್ತೀರಾ ಅಕೌಂಟೆಂಟ್ರೇ?" ಎಂದು ಹಿರಿಯ ಸದಸ್ಯರೊಬ್ಬರು ಮೇಜು ಗುದ್ದಿದರು. ಎಫ್‌ಡಿ ಕಂಡರೆ ಮೇಲಿನವರು ಅನುದಾನ ಕತ್ತರಿಸುತ್ತಾರೆ ಎಂದು ಇನ್ನೊಬ್ಬರ ಭಯ. ಆ ಭಯ ನನಗೂ ಇತ್ತು, ಆದರೆ ಹಾಗೇನೂ ಆಗಲಿಲ್ಲ. ಕಡೆಗೆ ನಡಾವಳಿ (ಸಭೆಯ ಲಿಖಿತ ತೀರ್ಮಾನ) ಆಯಿತು. ತೆಗೆಯಲು ಮೂರೇ ಕಾರಣ: ಬರದಲ್ಲಿ ಕುಡಿಯುವ ನೀರು, ಪಂಪು-ಪೈಪಿನ ದೊಡ್ಡ ರಿಪೇರಿ, ಹೊರಗುತ್ತಿಗೆಯವರ ಎರಡು ತಿಂಗಳ ಸಂಬಳ. ಈ ಮೂರಕ್ಕೆ ಮುಖ್ಯಾಧಿಕಾರಿ ತೆಗೆದು, ಆಮೇಲೆ ಸಭೆಯಿಂದ ಘಟನೋತ್ತರ ಮಂಜೂರಾತಿ, ಅಂದರೆ ಖರ್ಚಾದ ಮೇಲಿನ ಒಪ್ಪಿಗೆ, ಪಡೆಯಬಹುದು. ಬೇರೆ ಯಾವುದಕ್ಕೂ ಇಲ್ಲ. ಮುಂದಿನ ಸಭೆಯಲ್ಲಿ ಇದನ್ನು ಸುಲಭಕ್ಕೆ ರದ್ದು ಮಾಡಲಾಗದಂತೆ ಎರಡು ಸಾಲು ಸೇರಿಸಿದ್ದೇವೆ. ಆ ಎರಡು ಸಾಲು ಮಾತ್ರ ಇಲ್ಲಿ ಹಾಕುವುದಿಲ್ಲ. ಬೇಕಿದ್ದವರು ಊರಿಗೆ ಬನ್ನಿ, ಟೀ ಕುಡಿಯುತ್ತಾ ಹೇಳುತ್ತೇನೆ.

ಎಫ್‌ಡಿ ಒಂದೇ ಗಂಟಾಗಿ ಇಡಬೇಡಿ. ಅರ್ಜೆಂಟಿಗೆ ಮುರಿದರೆ ಅಷ್ಟಕ್ಕೂ ಬಡ್ಡಿ ಕಟ್. ನಾವು ಎರಡೆರಡು ಲಕ್ಷದ ತುಂಡು ಮಾಡಿ, ಫೆಬ್ರವರಿಯಿಂದ ಮೇವರೆಗೆ ಒಂದೊಂದಾಗಿ ಮುಗಿಯುವಂತೆ ಇಟ್ಟೆವು. ನಮ್ಮ ಕಷ್ಟ ಬರುವುದೇ ಆಗ ಅಲ್ವಾ?

ಲಾಕ್‌ಡೌನ್ ಇದ್ದ ಕಾರಣ ಮೊದಲ ವರ್ಷ ಆರು ಲಕ್ಷವೂ ಸೇರಲಿಲ್ಲ. ಮುಂದಿನ ವರ್ಷ ಒಂಬತ್ತು, ಅದರ ಮುಂದಿನ ವರ್ಷ ಹತ್ತರ ಹತ್ತಿರ. ಒಂದೇ ಸಲದ ಆದಾಯ, ಬಡ್ಡಿ ಎಲ್ಲ ಸೇರಿ 2024ರ ಮಾರ್ಚ್‌ಗೆ 42 ಲಕ್ಷದಷ್ಟಾಗಿತ್ತು. ಇದರ ನಡುವೆ ಒಬ್ಬ ದೊಡ್ಡ ಬಾಕಿದಾರರಿಂದ ವರ್ಷಗಳ ತೆರಿಗೆ ದಂಡದ ಸಮೇತ ಒಂದೇ ದಿನ ಬಂತು. ಹೇಗೆ ಬಂತು ಎಂಬುದು ನಮ್ಮ ಬಿಲ್ ಕಲೆಕ್ಟರ್‌ಗೂ ನನಗೂ ಮಾತ್ರ ಗೊತ್ತು.

ಸುಮ್ನೆ ಮಾಡಿ ನೋಡಿದ ಒಂದೆರಡು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಒಂದು ಸಲ ಕರೆಂಟ್ ಬಿಲ್‌ನ ಆರ್‌ಆರ್ ನಂಬರ್ (ಕನೆಕ್ಷನ್ ನಂಬರ್) ಪಟ್ಟಿ ಹಿಡಿದು ವಾಟರ್‌ಮನ್ ಜೊತೆ ಊರು ಸುತ್ತಿದೆ. ಹದಿನೆಂಟೋ ಇಪ್ಪತ್ತೋ ಬೋರ್‌ವೆಲ್ ಬತ್ತಿ ವರ್ಷಗಳಾಗಿದ್ದವು, ಮೋಟಾರ್ ಕೂಡ ಎತ್ತಿಯಾಗಿತ್ತು. ಎಚ್‌ಪಿ ಲೆಕ್ಕದ ಫಿಕ್ಸೆಡ್ ಚಾರ್ಜ್ ಮಾತ್ರ ತಿಂಗಳು ತಿಂಗಳು ಬರುತ್ತಲೇ ಇತ್ತು. ಬಸ್ ಸ್ಟ್ಯಾಂಡ್ ಹಿಂದಿನ ಒಂದು ಮೀಟರ್ ಬಾಕ್ಸ್ ಮೇಲೆ ಟೀ ಅಂಗಡಿಯವನು ಗ್ಲಾಸ್ ಬೋರಲು ಹಾಕಿ ಒಣಗಿಸುತ್ತಿದ್ದ. ಕನೆಕ್ಷನ್ ತೆಗೆಸಲು ಹೊಸ ಕನೆಕ್ಷನ್‌ಗಿಂತ ಜಾಸ್ತಿ ಓಡಾಟ. ವರ್ಷಕ್ಕೆ ಎರಡೂವರೆ ಮೂರು ಲಕ್ಷ ಉಳಿಯಿತು. ಕರೆಂಟ್ ದುಡ್ಡು ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ವಿದ್ಯುತ್ ಅನುದಾನದಲ್ಲಿ ಹೋಗುವುದು, ನಮಗೇನು ಲಾಭ ಅಂತ ಕೆಲವರು ಅಂದರು. ಅನುದಾನ ಸಾಲದೆ ಬಿದ್ದ ಬಾಕಿ ಸ್ವಂತ ನಿಧಿಯ ತಲೆ ಮೇಲೇ ಬರುವುದಲ್ವಾ!

ಇನ್ನೊಂದು ಪ್ರಯೋಗ, ಏಪ್ರಿಲ್‌ನಲ್ಲಿ ನೀರಿನ ಕರ ಕಟ್ಟಿದವರಿಗೆ ಲಕ್ಕಿ ಡ್ರಾ, ಬಹುಮಾನ ಮಿಕ್ಸಿ. ವಸೂಲಿ ಚೆನ್ನಾಗೇ ಆಯಿತು. ಮಿಕ್ಸಿ ಬಿಲ್‌ಗೆ ಆಡಿಟ್ ಆಕ್ಷೇಪಣೆ ಬಂತು. ಅದರ ಉತ್ತರ ಬರೆಯಲು ಹಿಡಿದ ಸಮಯದಲ್ಲಿ ಒಂದು ವಾರ್ಡಿನ ಬಾಕಿಯೇ ವಸೂಲು ಮಾಡಬಹುದಿತ್ತು. ಮತ್ತೆ ಮಾಡಲಿಲ್ಲ.

ಈಗ 2024ರ ಬೇಸಿಗೆ. ಹಿಂದಿನ ವರ್ಷ ರಾಜ್ಯದ 223 ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಗಿತ್ತು, ನಮ್ಮದೂ ಅದರಲ್ಲಿತ್ತು. ಅಧ್ಯಕ್ಷರ ಮೊದಲ ಅವಧಿ 2023ರ ಮೇನಲ್ಲೇ ಮುಗಿದಿತ್ತು. ಎರಡನೇ ಅವಧಿಗೆ ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಎಂಬ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿ. ಸಾಲದ್ದಕ್ಕೆ ಲೋಕಸಭಾ ಚುನಾವಣೆಯ ನೀತಿ ಸಂಹಿತೆ. ಹೊಸದಾಗಿ ಏನು ತೀರ್ಮಾನ ಮಾಡಲೂ ಎಲ್ಲರಿಗೂ ಹಿಂಜರಿಕೆ. ನಮಗೆ 2021ರ ನಡಾವಳಿ ಇತ್ತು. ಅದರ ಪ್ರತಿಯನ್ನು ಟಿಪ್ಪಣಿಗೆ ಲಗತ್ತಿಸಿ ಕಳಿಸಿದೆ, ಸಂಜೆಗೆ ಸಹಿ ಬಿತ್ತು. ದಿನಕ್ಕೆ ನಲವತ್ತೈವತ್ತು ಟ್ರಿಪ್, ಟ್ರಿಪ್‌ಗೆ ಏಳೆಂಟು ನೂರು ರೂಪಾಯಿ, ಎರಡು ತಿಂಗಳ ಮೇಲೆ. 22-23 ಲಕ್ಷ ಹೋಯಿತು. ವಾರಕ್ಕೊಮ್ಮೆ ದುಡ್ಡು ಸಿಗುತ್ತದೆ ಎಂದು ಗೊತ್ತಾದ ಮೇಲೆ ಟ್ಯಾಂಕರ್‌ನವರು ತಾವಾಗಿಯೇ ರೇಟ್ ಇಳಿಸಿದರು. ಅಂದು ಮೇಜು ಗುದ್ದಿದ ಸದಸ್ಯರು ತಮ್ಮ ವಾರ್ಡಿಗೆ ಟ್ರಿಪ್ ಹೆಚ್ಚಿಸಿ ಎಂದು ನನಗೇ ಫೋನ್ ಮಾಡಿದರು.

ಅನಧಿಕೃತ ಬಡಾವಣೆಗಳ ಆಸ್ತಿಗೂ ಖಾತೆ ಕೊಟ್ಟ 2025ರ ಬಿ ಖಾತಾ ಅಭಿಯಾನದಲ್ಲಿ ಒಳ್ಳೆ ದುಡ್ಡು ಬಂತು. ಅದು ಒಂದೇ ಸಲದ ಆದಾಯವೋ, ಮಾಮೂಲಿ ತೆರಿಗೆಯೋ ಎಂದು ಸಭೆಯಲ್ಲಿ ವಾದ ಎದ್ದಿತು. ಅರ್ಧಕ್ಕರ್ಧಕ್ಕೆ ಒಪ್ಪಂದ ಆಯಿತು. ನಮಗೆ ಕೇಂದ್ರದ ಅನುದಾನ ಬರುವ 15ನೇ ಹಣಕಾಸು ಆಯೋಗದ ಅವಧಿ 2026ರ ಮಾರ್ಚ್‌ವರೆಗೆ. ಹೊಸ ಆಯೋಗದ ಮೊದಲ ಕಂತು ಯಾವಾಗ ಕೈಗೆ ಬರುತ್ತದೋ ಎಂದು ಕಾಯುತ್ತಾ ಕೂರುವ ಬದಲು, ಐದಕ್ಕೆ ಒಂದು ಇದ್ದದ್ದನ್ನು ನಾಲ್ಕಕ್ಕೆ ಒಂದು ಮಾಡಲು ಟಿಪ್ಪಣಿ ಹಾಕಿದ್ದೇನೆ.