ರಾಗಿ ಮಾಲ್ಟಿಗೆ ಶೇ. 5ರೋ ಶೇ. 18ರೋ? ಅಡ್ವಾನ್ಸ್ ರೂಲಿಂಗ್ ಕೇಳಿದ ನನ್ನ ಅನುಭವ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಟ್ಯಾಕ್ಸ್ ಆಫೀಸು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಹಿಟ್ಟು, ಅಕ್ಕಿ, ಬೇಳೆಗೆಲ್ಲ ಶೇ. 5 ಜಿಎಸ್‌ಟಿ ಬಂತಲ್ಲ, ಆಗ ನನ್ನ ಫೋನು ಒಂದು ವಾರ ಬಿಡುವಿಲ್ಲದೆ ಬಡಿದುಕೊಂಡಿತು. ಅದೇ ಗಲಾಟೆಯಲ್ಲಿ ಬಂದವರು ಮಧುಗಿರಿ ಕಡೆಯ ಅಕ್ಕ ಒಬ್ಬರು. ಹುರಿಹಿಟ್ಟು ಮಾಡಿ ಮಾರುತ್ತಾರೆ. ಹುರಿದ ರಾಗಿ, ಹುರಿಗಡಲೆ, ಅಷ್ಟೇ. ಅದರ ಜೊತೆಗೆ ಹೊಸದಾಗಿ ರಾಗಿ ಮಾಲ್ಟ್ ಪುಡಿ ಶುರು ಮಾಡಬೇಕು ಅಂತಿದ್ದರು. ಹೈದರಾಬಾದಿನ ಡಿಸ್ಟ್ರಿಬ್ಯೂಟರ್ ಒಬ್ಬರು ಮಾಲು ತಗೊಳ್ಳೋಕೆ ರೆಡಿ, ಆದರೆ ಒಂದೇ ಪಟ್ಟು: ರೇಟು ಶೇ. 5 ಅಂತ ಬರೆದು, ನಾಳೆ ಇಲಾಖೆಯವರು ಶೇ. 18 ಅಂದರೆ ಆ ಹೊಣೆ ನಾವು ಹೊರಲ್ಲ. 100 ರೂಪಾಯಿ ಮಾಲಿಗೆ 13 ರೂಪಾಯಿ ವ್ಯತ್ಯಾಸ. ಅವರ ಲಾಭವೇ ಅಷ್ಟಿರಲಿಲ್ಲ.

ನನಗೆ ತೋಚಿದ್ದನ್ನು ಹೇಳಿ ಬಿಲ್ ಹಾಕಿಸಬಹುದಿತ್ತು. ಆದರೆ ನನ್ನ ಮಾತಿಗೆ ಯಾವ ಅಧಿಕಾರಿಯೂ ಕಟ್ಟುಬೀಳಲ್ಲ. ಅಡ್ವಾನ್ಸ್ ರೂಲಿಂಗ್ ಇರೋದು ಇದಕ್ಕೇ. ವ್ಯಾಪಾರ ಶುರು ಮಾಡೋ ಮೊದಲೇ, ಅಥವಾ ಮಾಡ್ತಾ ಇರೋವಾಗಲೂ, ತೆರಿಗೆ ಪ್ರಶ್ನೆಯೊಂದನ್ನು ಸರ್ಕಾರದ ಮುಂದಿಟ್ಟು ಉತ್ತರ ಬರೆಸಿಕೊಳ್ಳಬಹುದು. ನಮ್ಮ ರಾಜ್ಯದ ಪ್ರಾಧಿಕಾರ ಬೆಂಗಳೂರಿನ ಗಾಂಧಿನಗರದ ವಾಣಿಜ್ಯ ತೆರಿಗೆ ಕಾರ್ಯಾಲಯದಲ್ಲಿದೆ. ಇಬ್ಬರು ಸದಸ್ಯರು, ಒಬ್ಬರು ಕೇಂದ್ರದ ಕಡೆಯವರು, ಇನ್ನೊಬ್ಬರು ರಾಜ್ಯದ ಕಡೆಯವರು. ಶುಲ್ಕ ಕೇಂದ್ರದ, ರಾಜ್ಯದ ಎರಡೂ ಜಿಎಸ್‌ಟಿ ಕಾಯ್ದೆಗೆ ತಲಾ 5,000, ಒಟ್ಟು 10,000 ರೂಪಾಯಿ. "ಅಷ್ಟೇನಾ ಸಾರ್, ಕಟ್ಟೋಣ" ಅಂದರು ಅಕ್ಕ.

ಫಾರ್ಮು ಎಆರ್‌ಎ-01, ಪೋರ್ಟಲ್‌ನಲ್ಲೇ ತುಂಬಬೇಕು. ಅದನ್ನು ತುಂಬೋದು ಕಷ್ಟ ಅಲ್ಲ. ಕಷ್ಟ ಇರೋದು ಪ್ರಶ್ನೆ ಬರೆಯೋದರಲ್ಲಿ, ಅದಕ್ಕಿಂತ ಜಾಸ್ತಿ ಸಂಗತಿಗಳನ್ನು ಬರೆಯೋದರಲ್ಲಿ.

ನನ್ನ ಮೊದಲ ಕರಡಿನಲ್ಲಿ ಎರಡು ತಪ್ಪಿದ್ದವು. ಹುರಿಹಿಟ್ಟು, ಮಾಲ್ಟ್ ಎರಡನ್ನೂ ಸೇರಿಸಿ 'ನಮ್ಮ ರಾಗಿ ಉತ್ಪನ್ನಗಳಿಗೆ ದರ ಎಷ್ಟು' ಅಂತ ಒಂದೇ ಪ್ರಶ್ನೆ ಮಾಡಿದ್ದೆ. ಜೊತೆಗೆ ರಾಗಿ ಅನ್ನೋ ಪದವನ್ನೇ ಮುಂದೆ ಮಾಡಿ, ಉಳಿದದ್ದನ್ನೆಲ್ಲ 'ಇತರ ಪದಾರ್ಥಗಳು' ಅಂತ ಮುಗಿಸಿದ್ದೆ. ಕೇಸು ಗಟ್ಟಿಯಾಗಲಿ ಅಂತ ಹಾಗೆ ಬರೆದಿದ್ದೆ, ಒಪ್ಪಿಕೊಳ್ತೇನೆ. ಓದಿಸಿಕೊಂಡ ಅಕ್ಕ ಕೇಳಿದರು: "ಸಾರ್, ಬೆಲ್ಲ ಎಲ್ಲಿ ಬರೆದಿದೀರಾ? ಅದೇ ಅಲ್ವಾ ಕಾಲು ಭಾಗ ಇರೋದು?" ಹೌದು. ಅವರ ಅಳತೆಯಲ್ಲಿ ನೂರು ಕೆಜಿಗೆ ರಾಗಿ 60, ಬೆಲ್ಲದ ಪುಡಿ 25, ಹುರಿದ ಹೆಸರುಕಾಳು 10, ಉಳಿದ 5 ಬಾದಾಮಿ, ಏಲಕ್ಕಿ. ಇದನ್ನು ಮುಚ್ಚಿಟ್ಟು ಶೇ. 5ರ ಆದೇಶ ತಂದಿದ್ದರೆ ಅದಕ್ಕೆ ಕಿಮ್ಮತ್ತು ಇರುತ್ತಿರಲಿಲ್ಲ. ಸಂಗತಿ ಮರೆಮಾಚಿ ಪಡೆದ ರೂಲಿಂಗನ್ನು ಮೊದಲಿಂದಲೇ ಇಲ್ಲ ಅಂತ ಘೋಷಿಸೋಕೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 104 ಇದೆ.

ಮಲಬಾರ್ ಪರೋಟಾ ಕಥೆ ನೆನಪಿದೆಯಾ? ಬೆಂಗಳೂರಿನ ಆಹಾರ ಕಂಪನಿಯೊಂದು ಇದೇ ಪ್ರಾಧಿಕಾರಕ್ಕೆ ಹೋಗಿ, 2020ರಲ್ಲಿ ಪರೋಟಾ ರೊಟ್ಟಿ ಅಲ್ಲ, ಶೇ. 18 ಅಂತ ಆದೇಶ ಬಂದು ದೇಶವೆಲ್ಲ ಮಾತಾಡಿಕೊಂಡಿತು. ಆಮೇಲೆ ಆಗಿದ್ದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದೇ ವಿಷಯದಲ್ಲಿ ತನಿಖೆ ನಡೀತಿದ್ದದ್ದನ್ನು ಅರ್ಜಿಯಲ್ಲಿ ಹೇಳಿರಲಿಲ್ಲ ಅಂತ ಮೇಲ್ಮನವಿ ಪ್ರಾಧಿಕಾರ ಆ ಆದೇಶವನ್ನೇ ಅನೂರ್ಜಿತ ಮಾಡಿತು. (2025ರ ಸೆಪ್ಟೆಂಬರ್ 22ರಿಂದ ಪರೋಟಾಕ್ಕೆ ಜಿಎಸ್‌ಟಿಯೇ ಇಲ್ಲ, ಅದು ಬೇರೆ ಮಾತು.)

ಅದನ್ನು ಓದಿದ್ದರಿಂದಲೇ ಇನ್ನೊಂದು ಕೆಲಸ ಮಾಡಿದೆ. ಅಕ್ಕನಿಗೆ ಹಿಂದಿನ ವರ್ಷದ ಇನ್‌ಪುಟ್ ಕ್ರೆಡಿಟ್ (ಖರೀದಿ ಮೇಲೆ ಕಟ್ಟಿದ ತೆರಿಗೆಯ ಹೊಂದಾಣಿಕೆ) ತಾಳೆ ಆಗಿಲ್ಲ ಅಂತ ಒಂದು ನೋಟಿಸ್ ಬಂದಿತ್ತು. ರೇಟಿಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ನೋಟಿಸಿನ ಪ್ರತಿ, ನಾವು ಕೊಟ್ಟ ಉತ್ತರ ಎರಡನ್ನೂ ಅರ್ಜಿಗೆ ಲಗತ್ತಿಸಿದೆ. ಅರ್ಜಿದಾರರ ಅದೇ ಪ್ರಶ್ನೆ ಬೇರೆ ಎಲ್ಲಾದರೂ ವಿಚಾರಣೆಯಲ್ಲಿದ್ದರೆ, ಅಥವಾ ತೀರ್ಮಾನ ಆಗಿದ್ದರೆ, ಅರ್ಜಿ ತಗೊಳ್ಳೋ ಹಾಗೇ ಇಲ್ಲ. ಹಿಯರಿಂಗಿನಲ್ಲಿ ಮೊದಲು ಕೇಳಿದ್ದೂ ಇದನ್ನೇ. ಕಾಗದ ಮುಂದೆಯೇ ಇತ್ತು, ಎರಡು ನಿಮಿಷದಲ್ಲಿ ಆ ಮಾತು ಮುಗಿಯಿತು.

ಪ್ರಶ್ನೆಯನ್ನು ಎರಡಾಗಿ ಒಡೆದೆ. ಒಂದು ಹುರಿಹಿಟ್ಟಿಗೆ, ಒಂದು ಮಾಲ್ಟಿಗೆ. ಎರಡಕ್ಕೂ ಬೇರೆ ಬೇರೆ ಪಟ್ಟಿ, ಅಳತೆ, ಮಾಡೋ ವಿಧಾನ, ಲೇಬಲ್ಲಿನ ಫೋಟೋ. ಹುರಿಹಿಟ್ಟಿಗೆ ನಮ್ಮ ಕೈಯಲ್ಲಿ ಒಳ್ಳೆ ಆಧಾರ ಇತ್ತು: 2018ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ, ಕಾಳು ಮತ್ತು ಧಾನ್ಯ ಬೀಸಿ ಮಾಡಿದ ಸತ್ತು, ಸರಕನ್ನು ಗುರುತಿಸೋ ಎಚ್‌ಎಸ್‌ಎನ್ ಕೋಡ್ 1106ರಲ್ಲಿ ಬರುತ್ತದೆ ಅಂತ ಕೇಂದ್ರವೇ ಹೇಳಿದೆ. ಸತ್ತುವಿಗೂ ನಮ್ಮ ಹುರಿಹಿಟ್ಟಿಗೂ ಹೆಸರು ಬೇರೆ, ಅಷ್ಟೇ.

ಹಿಯರಿಂಗಿಗೆ ಅಕ್ಕ ಎರಡು ಸ್ಟೀಲ್ ಡಬ್ಬಿ ತಂದಿದ್ದರು. ಮುಚ್ಚಳ ತೆಗೆದ ಕೂಡಲೇ ಟೇಬಲ್ ತುಂಬಾ ಏಲಕ್ಕಿ ವಾಸನೆ. "ಇದನ್ನು ಹೇಗೆ ಕುಡಿತೀರಿ, ಇನ್ನೇನಾದರೂ ಸೇರಿಸಬೇಕಾ?" ಅಂತ ಒಬ್ಬರು ಕೇಳಿದರು. "ಏನೂ ಬೇಡ ಸಾರ್, ಬಿಸಿ ಹಾಲಿಗೆ ಎರಡು ಚಮಚ ಹಾಕಿ ಕಲಸಿದರೆ ಆಯ್ತು" ಅಂದರು ಅಕ್ಕ. ಆ ಮಾತು ಕೇಳಿದಾಗಲೇ ನನಗೆ ಉತ್ತರ ಗೊತ್ತಾಯಿತು. ಸಿಹಿ, ಪರಿಮಳ ಎಲ್ಲ ಸೇರಿ ಕುಡಿಯೋಕೆ ತಯಾರಾದ ಮಿಶ್ರಣ ಅದು, ಬರೀ ಹಿಟ್ಟಲ್ಲ. ಆದೇಶವೂ ಹಾಗೇ ಬಂತು: ಹುರಿಹಿಟ್ಟಿಗೆ ಶೇ. 5, ಮಾಲ್ಟ್ ಎಚ್‌ಎಸ್‌ಎನ್ 2106ರಲ್ಲಿ (ಬೇರೆಲ್ಲೂ ಸೇರದ ಆಹಾರ ಮಿಶ್ರಣಗಳ ಕೋಡ್) ಬಂದು ಆಗಿನ ದರದಂತೆ ಶೇ. 18.

ಮೇಲ್ಮನವಿಗೆ 30 ದಿನ ಇತ್ತು, ಶುಲ್ಕ ಒಟ್ಟು 20,000. ನಾನು ಬೇಡ ಅಂದೆ. ವಾದಿಸೋಕೆ ಹೊಸದೇನೂ ಇರಲಿಲ್ಲ. ಮಾಲ್ಟ್ ಇನ್ನೂ ಮಾರಾಟಕ್ಕೆ ಬಿಟ್ಟಿರಲಿಲ್ಲ, ಹಾಗಾಗಿ ಹಳೇ ಬಾಕಿ, ಬಡ್ಡಿ ಯಾವುದೂ ತಲೆ ಮೇಲೆ ಬೀಳಲಿಲ್ಲ. ಮೊದಲೇ ಕೇಳಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ. ಒಂದು ವರ್ಷ ಶೇ. 5 ಹಾಕಿ ಮಾರಿದ ಮೇಲೆ ಇದೇ ಉತ್ತರ ಬಂದಿದ್ದರೆ, ಗಿರಾಕಿಯಿಂದ ವಸೂಲಿ ಮಾಡದ ಆ 13 ರೂಪಾಯಿಯನ್ನು ಅಕ್ಕ ಕೈಯಿಂದ ಕಟ್ಟಬೇಕಿತ್ತು. ಕಾಯ್ದೆಯಲ್ಲಿ ಆದೇಶಕ್ಕೆ 90 ದಿನ ಅಂತಿದೆ, ನೀವು ಮಾತ್ರ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಸಮಯ ಇಟ್ಟುಕೊಂಡು ಹೊರಡಿ.

ಆಮೇಲೆ ಒಂದು ದಿನ ಇನ್ನೊಬ್ಬ ಹಿಟ್ಟಿನ ವ್ಯಾಪಾರಿ ಅದೇ ಆದೇಶವನ್ನು ವಾಟ್ಸಾಪಿನಲ್ಲಿ ನನಗೆ ಕಳಿಸಿ, "ಸಾರ್, ಹುರಿಹಿಟ್ಟಿಗೆ ಶೇ. 5 ಅಂತ ಆಗಿದೆಯಲ್ಲ, ನಮಗೂ ಇದೇ ಸಾಕಲ್ವಾ?" ಅಂದರು. ಸಾಲಲ್ಲ. ರೂಲಿಂಗ್ ಕಟ್ಟುಹಾಕೋದು ಕೇಳಿದವರನ್ನು ಮತ್ತು ಅವರ ವ್ಯಾಪ್ತಿಯ ಅಧಿಕಾರಿಯನ್ನು ಮಾತ್ರ. ಇನ್ನೊಬ್ಬರು ಅದನ್ನು ತೋರಿಸಿ ವಾದ ಮಾಡಬಹುದು, ಅದರ ಮೇಲೆ ಹಕ್ಕು ಸಾಧಿಸೋಕೆ ಆಗಲ್ಲ. ಅವರ ಹಿಟ್ಟಿನಲ್ಲಿ ಸಕ್ಕರೆಯೂ ಇತ್ತು.

2023ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ಸಿರಿಧಾನ್ಯಕ್ಕೆ ಒಂದು ದಾರಿ ತೆರೆಯಿತು. ತೂಕದಲ್ಲಿ ಕನಿಷ್ಠ ಶೇ. 70 ಸಿರಿಧಾನ್ಯ ಇರುವ ಪುಡಿ ಆಹಾರ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದರೆ ಶೇ. 5, ಬಿಡಿಯಾಗಿ ಮಾರಿದರೆ ತೆರಿಗೆಯೇ ಇಲ್ಲ. ಸಿರಿಧಾನ್ಯ ಅಂದರೆ ಅದರಲ್ಲಿ ರಾಗಿಯೂ ಸೇರಿತು. ಕಾನೂನು ಬದಲಾದರೆ ಹಳೇ ರೂಲಿಂಗ್ ಅಲ್ಲಿಗೆ ಮುಗಿಯಿತು. ಆದರೆ ಅಕ್ಕನ ಮಾಲ್ಟಿನಲ್ಲಿ ರಾಗಿ ಇದ್ದದ್ದು 60. ಅರ್ಜಿಗೆ ಅಂತ ಬರೆದಿಟ್ಟ ಅಳತೆ ಪಟ್ಟಿ ಇಲ್ಲದಿದ್ದರೆ ಆ ಹತ್ತರ ಕೊರತೆ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಬೆಲ್ಲ ಇಳಿಸಿ, ರಾಗಿ 72ಕ್ಕೆ ಏರಿಸಿ, ಮೂರು ಸಲ ಮಾಡಿ ರುಚಿ ನೋಡಿದರು. "ಸಾರ್, ಇದಕ್ಕೆ ಮತ್ತೆ ಅರ್ಜಿ ಹಾಕಬೇಕಾ?" ಅಂತ ಕೇಳಿದರು. ಬೇಡಕ್ಕ, ಅಧಿಸೂಚನೆಯಲ್ಲೇ ಸ್ಪಷ್ಟವಾಗಿದೆ, ತೂಕದ ಲೆಕ್ಕ ಮಾತ್ರ ಇಡಿ ಅಂದೆ. ಈಗ ಅವರ ಯೂನಿಟ್ಟಿನಲ್ಲಿ ತಕ್ಕಡಿ ಪಕ್ಕ ಒಂದು ಉದ್ದನೆ ಪುಸ್ತಕ ನೇತುಹಾಕಿದ್ದಾರೆ. ಪ್ರತಿ ಬ್ಯಾಚಿಗೂ ತಾರೀಕು, ರಾಗಿ ಎಷ್ಟು ಕೆಜಿ, ಬೆಲ್ಲ ಎಷ್ಟು ಕೆಜಿ, ತೂಗಿದವರ ಸಹಿ.