ತೆಳು ಸ್ಟೀಲ್ ಶೀಟ್‌ಗೆ ಪಲ್ಸ್ ಟಿಗ್: ಸೆಟ್ಟಿಂಗ್ ಹೇಗೆ?

ಕೋಲಾರ, ಮಾಲೂರು ಸುತ್ತಲಿನ ಶೆಡ್‌ಗಳಲ್ಲಿ ಡೇರಿ ಕೆಲಸವೆಂದರೆ ಹೆಚ್ಚಾಗಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಇದರಲ್ಲಿ ಶಾಖ ಬೇಗ ಹರಡುವುದಿಲ್ಲ, ಬಿಸಿಯಾದಾಗ ಮೈಲ್ಡ್ ಸ್ಟೀಲ್‌ಗಿಂತ ಹೆಚ್ಚು ಹಿಗ್ಗುತ್ತದೆ. ವೆಲ್ಡ್ ಮಾಡುವಾಗ ಒಂದೇ ಸಮನೆ ಕರೆಂಟ್ ಕೊಟ್ಟರೆ ಜಾಯಿಂಟ್‌ನ ಕೊನೆ ಮುಟ್ಟುವಷ್ಟರಲ್ಲಿ ಶೀಟ್ ಸೊಟ್ಟಗಾಗಿರುತ್ತದೆ, ಇಲ್ಲವೇ ತೂತು ಬಿದ್ದಿರುತ್ತದೆ.

ಟಿಗ್ ಎಂದರೆ ಟಂಗ್‌ಸ್ಟನ್ ಕಡ್ಡಿಯ ಮೊನೆಯಿಂದ ಆರ್ಕ್ (ವಿದ್ಯುತ್ ಕಿಡಿ) ಹೊತ್ತಿಸಿ, ಆರ್ಗಾನ್ ಗ್ಯಾಸ್‌ನ ಮರೆಯಲ್ಲಿ ಮಾಡುವ ವೆಲ್ಡಿಂಗ್. ಅದರ ಪಲ್ಸ್ ವಿಧಾನದಲ್ಲಿ ಕರೆಂಟ್ ಪೀಕ್ (ಮೇಲಿನದು), ಬೇಸ್ (ಕೆಳಗಿನದು) ಎಂಬ ಎರಡು ಮಟ್ಟಗಳ ನಡುವೆ ಏರಿಳಿಯುತ್ತದೆ. ಪೀಕ್‌ನಲ್ಲಿ ಲೋಹ ಕರಗಿ ಆಳಕ್ಕಿಳಿಯುತ್ತದೆ. ಬೇಸ್‌ನಲ್ಲಿ ಆರ್ಕ್ ಆರದಷ್ಟೇ ಕರೆಂಟ್ ಇರುತ್ತದೆ. ಕರಗಿದ್ದು ಅಂಚಿನಿಂದ ಗಟ್ಟಿಯಾಗುವುದು ಆಗಲೇ. ಬಹಳ ಮಂದಿ ಪೀಕ್ ಗುಂಡಿಯನ್ನೇ ತಿರುಗಿಸುತ್ತಿರುತ್ತಾರೆ. ಶೀಟನ್ನು ಉಳಿಸುವುದು ಬೇಸ್.

ಮೊದಲು ಅಂಚುಗಳನ್ನು ಅಸಿಟೋನ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಕ್ಲೋರಿನ್ ಇರುವ ದ್ರಾವಕ ಖಂಡಿತ ಬೇಡ, ಆರ್ಕ್‌ನ ಬೆಳಕಿಗೆ ಅದರಿಂದ ವಿಷಾನಿಲ ಹುಟ್ಟುತ್ತದೆ. ಟಾರ್ಚ್ ನೆಗೆಟಿವ್‌ಗೆ, ಅರ್ತ್ ಕ್ಲ್ಯಾಂಪ್ ಪಾಸಿಟಿವ್‌ಗೆ. 1.6 ಮಿ.ಮೀ. ಟಂಗ್‌ಸ್ಟನ್‌ನ ಮೊನೆಯನ್ನು ಉದ್ದುದ್ದಕ್ಕೆ ಉಜ್ಜಿ; ಅಡ್ಡಡ್ಡ ಉಜ್ಜಿದರೆ ಆರ್ಕ್ ಅತ್ತಿತ್ತ ಅಲೆಯುತ್ತದೆ. ಆರ್ಗಾನ್ ನಿಮಿಷಕ್ಕೆ 6ರಿಂದ 8 ಲೀಟರ್. ಆಷಾಢದ ಗಾಳಿ ಬೀಸುವಾಗ ಗ್ಯಾಸ್ ಹೆಚ್ಚಿಸುವುದಕ್ಕಿಂತ ಪರದೆ ಕಟ್ಟುವುದೇ ಮೇಲು.

ಶೀಟ್ 1 ಮಿ.ಮೀ. ಇದ್ದು ಬಟ್ ಜಾಯಿಂಟ್ (ಅಂಚಿಗೆ ಅಂಚು ಕೂಡಿಸುವುದು) ಆಗಿದ್ದರೆ ಹೀಗೆ ಶುರು ಮಾಡಿ: ಪೀಕ್ 60 ಆಂಪ್ಸ್, ಬೇಸ್ 20, ಸೆಕೆಂಡಿಗೆ 2 ಪಲ್ಸ್, ಪ್ರತಿ ಪಲ್ಸ್‌ನಲ್ಲಿ ಪೀಕ್ ಅವಧಿ ಶೇ 40. ಸರಾಸರಿ ಲೆಕ್ಕ: 60ರ ಶೇ 40 ಎಂದರೆ 24, 20ರ ಶೇ 60 ಎಂದರೆ 12, ಒಟ್ಟು 36 ಆಂಪ್ಸ್. 60 ಆಂಪ್ಸ್‌ನ ಆಳ ಸಿಕ್ಕಿತು, ಶೀಟ್‌ಗೆ ತಗುಲಿದ ಶಾಖ ಮಾತ್ರ 36ರದ್ದು. ಅಂತರವಿಲ್ಲದಂತೆ ಕೂಡಿಸಿ, 25ರಿಂದ 30 ಮಿ.ಮೀ.ಗೊಂದು ಟ್ಯಾಕ್ (ಹಿಡಿದಿಡುವ ಚಿಕ್ಕ ವೆಲ್ಡ್ ಚುಕ್ಕೆ) ಹಾಕಿ.

ಕೈ ವೇಗ ಪಲ್ಸ್‌ಗೆ ಹೊಂದಬೇಕು. ಸೆಕೆಂಡಿಗೆ 2 ಮಿ.ಮೀ. ಸಾಗಿದರೆ ಪ್ರತಿ ಪಲ್ಸ್‌ಗೆ 1 ಮಿ.ಮೀ. ಮುಂದಕ್ಕೆ ಹೋಗುತ್ತೀರಿ, ಪ್ರತಿ ಪಲ್ಸ್‌ನಲ್ಲಿ ಕರಗಿ ಮೂಡುವ ಹೊಸ ಬಿಲ್ಲೆ ಹಳೆಯದರ ಮೇಲೆ ಚೆನ್ನಾಗಿ ಏರುತ್ತದೆ. ಅದೇ ವೇಗದಲ್ಲಿ ಪಲ್ಸನ್ನು ಎರಡು ಸೆಕೆಂಡಿಗೊಂದು ಮಾಡಿದರೆ ಹೆಜ್ಜೆ 4 ಮಿ.ಮೀ. ಆಗಿ ಬಿಲ್ಲೆಗಳು ಬಿಡಿಬಿಡಿಯಾಗುತ್ತವೆ, ನಡುವೆ ಸೋರುತ್ತದೆ. ಕರಗಿ ಜಾಯಿಂಟ್‌ಗೆ ಸೇರುವ 308ಎಲ್ ಫಿಲ್ಲರ್ ರಾಡನ್ನು ಪೀಕ್‌ನಲ್ಲೇ ಅದ್ದಿ. ಬೇಸ್‌ನಲ್ಲಿ ಅದ್ದಿದರೆ ರಾಡ್ ಅಂಟಿಕೊಳ್ಳುತ್ತದೆ.

ತೂತು ಬಿದ್ದರೆ ಪೀಕ್ ಇಳಿಸುವ ಮುನ್ನ ಅದರ ಅವಧಿಯನ್ನು ಶೇ 30ಕ್ಕೆ ತನ್ನಿ. ಬೇಸ್‌ನಲ್ಲಿ ಆರ್ಕ್ ಆರಿದರೆ ಬೇಸ್ 5 ಆಂಪ್ಸ್ ಏರಿಸಿ. ವೆಲ್ಡ್ ಬೂದು ಬಣ್ಣಕ್ಕೆ ತಿರುಗಿದರೆ ಶಾಖ ಹೆಚ್ಚಾಗಿದೆ, ಇಲ್ಲವೇ ಗ್ಯಾಸ್ ಸಾಲುತ್ತಿಲ್ಲ. ಕೊನೆಯಲ್ಲಿ ಬಿರುಕು ಬಂದರೆ ಕರೆಂಟ್ 2-3 ಸೆಕೆಂಡ್‌ಗಳಲ್ಲಿ ನಿಧಾನವಾಗಿ ಇಳಿಯುವಂತೆ ಡೌನ್‌ಸ್ಲೋಪ್ ಇಡಿ. ಆರ್ಕ್ ನಿಂತ ಮೇಲೂ 5 ಸೆಕೆಂಡ್ ಟಾರ್ಚ್ ಸರಿಸಬೇಡಿ, ಬಿಸಿ ವೆಲ್ಡ್ ಮೇಲೆ ಗ್ಯಾಸ್ ಹರಿಯುತ್ತಿರಲಿ.

ಹಾಲಿನ ಪೈಪ್‌ನ ಒಳಮೈಯನ್ನು ಪಲ್ಸ್ ಕಾಯುವುದಿಲ್ಲ. ಒಳಗೂ ಆರ್ಗಾನ್ ತುಂಬಲೇಬೇಕು. ತುಂಬದಿದ್ದರೆ ಬೇರಿನ ಕಡೆ (ವೆಲ್ಡ್‌ನ ಒಳಬದಿ) ಸಕ್ಕರೆ ಹರಳಿನಂತೆ ಒರಟಾಗಿ, ಸಂದಿಗಳಲ್ಲಿ ಹಾಲು ಕೂರುತ್ತದೆ. ಎಷ್ಟು ತೊಳೆದರೂ ಹೋಗದು. ಅದೇ ಶೀಟ್‌ನ ಚೂರಿನಲ್ಲಿ ಮೊದಲು ವೆಲ್ಡ್ ಹಾಕಿ, ತಿರುಗಿಸಿ ಹಿಂಬದಿ ನೋಡಿ, ಆಮೇಲೆ ಕೆಲಸಕ್ಕೆ ಕೈ ಹಾಕಿ.