ಮಾಸ್ಟರ್ ಪ್ಲಾನ್ ಕರಡು ಬಂದರೆ ಮೊದಲು ನಿಮ್ಮ ತೋಡು ಹುಡುಕಿ

ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ಗುರುತಿಸುವ ಮಾಸ್ಟರ್ ಪ್ಲಾನ್ ಅಂದರೆ ಬಿಲ್ಡರ್‌ಗಳ ವಿಷಯ ಅಂತ ನಾವು ಸುಮ್ನೆ ಇದ್ದುಬಿಡುತ್ತೇವೆ. ಮನೆ ಕಟ್ಟಲು ಲೈಸೆನ್ಸ್ ಕೇಳಿದ ದಿನ ನಮ್ಮ 5 ಸೆಂಟ್ಸ್ ಜಾಗ ಪಾರ್ಕ್ ಝೋನಿನಲ್ಲಿದೆ ಅಂತ ಗೊತ್ತಾಗುತ್ತದೆ. ಆಗ ತಡವಾಗಿರುತ್ತದೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ 10 ವರ್ಷಕ್ಕೊಮ್ಮೆಯಾದರೂ ಪ್ಲಾನ್ ಪರಿಷ್ಕರಣೆ ಆಗಬೇಕು. ಸರ್ಕಾರದ ತಾತ್ಕಾಲಿಕ ಒಪ್ಪಿಗೆ ಸಿಕ್ಕ ಪ್ಲಾನ್ ಪ್ರಕಟವಾದ ಮೇಲೆ ಆಕ್ಷೇಪಣೆ ಹೇಳಲು 60 ದಿನ ಇರುತ್ತದೆ. ನಿಮ್ಮ ಕೆಲಸವೆಲ್ಲ ಅಷ್ಟರೊಳಗೆ ಮುಗಿಯಬೇಕು.

ಮೊದಲು ಪಹಣಿ ತೆಗೆದು ಸರ್ವೆ ನಂಬರ್ ಬರೆದುಕೊಳ್ಳಿ. ಯೋಜನಾ ಪ್ರಾಧಿಕಾರಕ್ಕೆ ಹೋಗಿ (ಮಂಗಳೂರಿನಲ್ಲಾದರೆ ಮೂಡಾ, ಅಂದರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಆ ನಂಬರ್ ಇರುವ ನಕ್ಷೆಯ ಹಾಳೆ ಕೇಳಿ. ಹಳದಿ ಅಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಬಳಕೆ, ಹಸಿರು ಪಾರ್ಕ್. ಬಣ್ಣದ ಜೊತೆಗೆ ರಸ್ತೆಯ ಗೆರೆಯನ್ನೂ ನೋಡಿ. ಮುಂದೆ ಅಗಲವಾಗುವ ರಸ್ತೆ ನಿಮ್ಮ ಅಂಗಳದ ಮೇಲೇ ಹೋಗಿರಬಹುದು.

ಆಮೇಲೆ ನಕ್ಷೆಯ ಫೋಟೋ ಹಿಡಿದು ಜಾಗಕ್ಕೆ ನಡೆದುಹೋಗಿ. ನನ್ನ ಪ್ರಕಾರ ಇದೇ ಮುಖ್ಯ ಕೆಲಸ, ಆದರೆ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ನಮ್ಮ ಕರಾವಳಿಯ ಊರುಗಳು ಗುಡ್ಡ, ಬೈಲು (ತಗ್ಗಿನ ಗದ್ದೆ ಜಾಗ), ತೋಡುಗಳ (ಸಣ್ಣ ಹಳ್ಳಗಳ) ಊರು. ಗುಡ್ಡದ ನೀರು ತೋಡಿಗಿಳಿದು, ತೋಡು ಹೊಳೆ ಸೇರಿ, ಹೊಳೆ ಅಳಿವೆಯಲ್ಲಿ ಕಡಲಿಗೆ ಸೇರಬೇಕು. ನಕ್ಷೆಯಲ್ಲಿ ಹಳದಿ ಇರುವಲ್ಲಿ ಈಗಲೂ ಗದ್ದೆ ಇದೆಯಾ? ತೋಡಿನ ಗೆರೆ ಮೋರಿಯವರೆಗೆ ಬಂದು ಅಲ್ಲಿಗೇ ನಿಂತುಬಿಟ್ಟಿದೆಯಾ? ಹಳೆ ಕಾಂಪೌಂಡ್ ಗೋಡೆಯಲ್ಲಿ ಮಳೆಗಾಲದ ಕೆಸರಿನ ಗುರುತು ಎಷ್ಟು ಎತ್ತರಕ್ಕಿದೆ? ಎಲ್ಲದರ ಫೋಟೋ ತೆಗೆಯಿರಿ. ತೋಡು ಮೊದಲು ಎಷ್ಟು ಅಗಲ ಇತ್ತು ಅಂತ ಅಲ್ಲೇ ಇರುವ ಹಿರಿಯರನ್ನು ಕೇಳಿ.

ಕಡಲು, ಹೊಳೆ ಹತ್ತಿರ ಇದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ ಬೇರೆಯೇ ಇರುತ್ತದೆ, ಅದನ್ನೂ ನೋಡಲೇಬೇಕು. 2019ರ ಅಧಿಸೂಚನೆಯಲ್ಲಿ ಕಡಲ ಭರತದ (ಉಬ್ಬರದ) ಗೆರೆಯಿಂದ 500 ಮೀಟರ್‌ವರೆಗೆ ಸಿಆರ್‌ಝಡ್. ಭರತ ಇಳಿತದ ನೀರು ಬರುವ ಹೊಳೆಗಾದರೆ ದಡದಿಂದ 50 ಮೀಟರ್, ಅಥವಾ ಹೊಳೆಯ ಅಗಲ; ಯಾವುದು ಕಡಿಮೆಯೋ ಅದು. ಮಾಸ್ಟರ್ ಪ್ಲಾನಿನಲ್ಲಿ ಹಳದಿ ಬಂತು ಅಂತ ಸಿಆರ್‌ಝಡ್ ನಿರ್ಬಂಧ ಹೋಗುವುದಿಲ್ಲ. ಜಾಗ ಮಾರುವವರು ಈ ಮಾತು ಹೇಳುವುದು ಕಡಿಮೆ, ಅಲ್ವಾ?

ಇನ್ನು ಆಕ್ಷೇಪಣೆ. 'ಈ ಪ್ಲಾನ್ ಸರಿ ಇಲ್ಲ' ಅಂತ ಬರೆದರೆ ಪ್ರಯೋಜನವಿಲ್ಲ. ಗ್ರಾಮ, ಸರ್ವೆ ನಂಬರ್, ನಕ್ಷೆಯಲ್ಲಿ ಏನು ತೋರಿಸಿದ್ದಾರೆ, ಸ್ಥಳದಲ್ಲಿ ಏನಿದೆ, ಏನು ಬದಲಾಗಬೇಕು, ಇಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. ಪಹಣಿ, ಫೋಟೋ ಲಗತ್ತಿಸಿ. ತೋಡಿನ ವಿಷಯವಾದರೆ ಅಕ್ಕಪಕ್ಕದ ಮನೆಯವರೂ ಬೇರೆ ಬೇರೆ ಅರ್ಜಿ ಕೊಡಲಿ. ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

60 ದಿನ ಕಳೆದುಹೋದರೆ? ಪ್ಲಾನ್ ಜಾರಿಯಾದ ಮೇಲೆ ಅದೇ ಕಾಯ್ದೆಯ 14-ಎ ಕಲಂನಡಿ ಭೂ ಬಳಕೆ ಬದಲಾವಣೆ ಕೇಳಬಹುದು. ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಆಗಬೇಕು, ಜನರ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು, ಸರ್ಕಾರ ಒಪ್ಪಬೇಕು. ಪಕ್ಕದ ಗದ್ದೆಗೆ ಬೇರೆಯವರು ಇದೇ ಬದಲಾವಣೆ ಕೇಳಿದಾಗ ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವುದೂ ಆ ಪ್ರಕಟಣೆಯೇ.